ಹತ್ತಕ್ಕೆ ಹತ್ತೂ ತಪ್ಪು

ಉಪ್ಪಿಟ್ಟಿಗೆ ಮೂರನೇ ಚಮಚ ಉಪ್ಪು ಬಿತ್ತು. ನರ್ಮದಾ ಒಲೆಯ ಮುಂದಿನಿಂದ ಬಗ್ಗಿ ಪಡಸಾಲೆಯ ಕಡೆ ನೋಡಿದಳು. ಅಜ್ಜಿ ರಾಧಾಬಾಯಿ ಜಮಖಾನೆ ಹಾಸುವುದರಲ್ಲಿ ಮುಳುಗಿದ್ದಳು. ನಾಲ್ಕನೇ ಚಮಚವೂ ಬಿತ್ತು. ತಿಂದವರು ನೀರು ನೀರು ಎನ್ನುತ್ತ ಧಾರವಾಡದ ಬಸ್ಸು ಹತ್ತಬೇಕು, ಮತ್ತೆ ಬೈಲಹೊಂಗಲದ ಕಡೆ ತಲೆ ಹಾಕಿ ಮಲಗಬಾರದು.

ಹುಡುಗಿಯನ್ನು ಸುಮ್ಮನೆ ಬೈಯಬೇಡಿ. ನಾಳೆ ಸೋಮವಾರ. ಹತ್ತನೇ ಇಯತ್ತೆ ಪಾಸಾದವರು ಹನ್ನೊಂದನೆಯ, ಅಂದರೆ ಮ್ಯಾಟ್ರಿಕ್ ವರ್ಗಕ್ಕೆ ಬೇಕಾದ ವಿಷಯ ಬರೆದು ಫಾರ್ಮು ಕೊಡಲು ಅದೇ ಕೊನೆಯ ದಿನ. ಅವಳ ಫಾರ್ಮಿನಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು: ಗಣಿತವೋ, ಗೃಹಶಾಸ್ತ್ರವೋ? ನರ್ಮದೆಗೆ ಪುಣೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪದವಿ ಮಾಡುವ ಹುಚ್ಚು. ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಆ ಕಾಲೇಜಿನಲ್ಲಿ ಸೀಟು ಹಿಡಿಯಷ್ಟು, ಕೇಳುವವರು ರಾಶಿ. ಗಣಿತವಿಲ್ಲದವರ ಅರ್ಜಿಯನ್ನು ಅಲ್ಲಿ ಒಡೆದೂ ನೋಡುವುದಿಲ್ಲ ಎಂದು ಸಾಲೆಯ ಮಾಸ್ತರರು ಹೇಳಿದ್ದರು.

"ಗಣಿತಾ ಕಲತು ಯಾರ ಮನಿ ಉದ್ಧಾರ ಮಾಡಬೇಕಾಗೇದ?" ಎಂದಿದ್ದಳು ಅಜ್ಜಿ. "ಗೃಹಶಾಸ್ತ್ರ ಬರಸು. ಅದೂ ಒಂದು ಗಂಡು ಸಿಗೋತನಕಾ."

ತಾಯಿ ತೀರಿಕೊಂಡ ಮೇಲೆ ನರ್ಮದೆಯನ್ನು ಸಾಕಿದವಳು ಅಜ್ಜಿಯೇ. ಆ ಮನೆಯಲ್ಲಿ ಅವಳ ಮಾತೇ ಮಾತು. ಪೋಸ್ಟಿನಲ್ಲಿ ಕಾರಕೂನನಾಗಿದ್ದ ತಂದೆ ಕೃಷ್ಣಾಜಿ ಹೆತ್ತ ತಾಯಿಯ ಮುಂದೆ ಬಾಯಿ ಬಿಟ್ಟವನೇ ಅಲ್ಲ. ಮಗಳು ಅತ್ತು ಕರೆದು ಕೇಳಿದ್ದಕ್ಕೆ "ನೋಡೋಣ ತಡಿ" ಎಂದವನು ಎಂಟು ದಿನದಲ್ಲಿ ಮಾಡಿದ್ದೇನು?

"ಐತವಾರ ಒಬ್ಬರು ಹುಡುಗಿನ್ನ ನೋಡಲಿಕ್ಕೆ ಬರತಾರ," ಎಂದ!

ಅಜ್ಜಿಗೆ ಅಷ್ಟೇ ಸಾಕಾಯಿತು. ಟ್ರಂಕಿನಿಂದ ಇಳಕಲ್ಲ ಸೀರೆ ಹೊರಗೆ ಬಂತು. ನರ್ಮದಾ ಮಾತ್ರ ಉಪ್ಪಿನ ಡಬ್ಬಿಯ ಮೇಲೆ ಕಣ್ಣಿಟ್ಟಳು.

ಬಂದವರ ಹೆಸರು ತ್ರ್ಯಂಬಕರಾಯರು. ಐವತ್ತು ದಾಟಿದ ವಯಸ್ಸು, ಕೋಟು, ಟೊಪ್ಪಿಗೆ, ಬಗಲಲ್ಲಿ ಚರ್ಮದ ಚೀಲ. "ವರನ ಸೋದರಮಾವ ಇದ್ದಾನು," ಎಂದು ಅಜ್ಜಿ ಅಡುಗೆಮನೆಯಲ್ಲಿ ಪಿಸುಗುಟ್ಟಿ, ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು.

ನರ್ಮದಾ ತಟ್ಟೆಯನ್ನು ಟಣ್ಣೆಂದು ಇಟ್ಟಳು. ರಾಯರು ಒಂದು ತುತ್ತು ತಿಂದರು, ಕೃಷ್ಣಾಜಿಯ ಮುಖ ನೋಡಿದರು, ಒಂದು ತಂಬಿಗೆ ನೀರು ಕುಡಿದರು. ಆದರೆ ಏಳಲಿಲ್ಲ. ಗಟ್ಟಿ ಆಸಾಮಿ.

"ಭಾಳ ಛಂದ ಹಾಡತಾಳ್ರಿ," ಎಂದಳು ಅಜ್ಜಿ.

"ಹಾಡು ಇರಲ್ರಿ. ನಾಲ್ಕು ಬಾಯಿಲೆಕ್ಕ ಕೇಳತೇನಿ," ಎಂದು ರಾಯರು ಚೀಲದಿಂದ ಪೆನ್ಸಿಲ್ಲು, ಬರೆಯುವ ವಹಿ ತೆಗೆದರು.

ಸಂಸಾರ ತೂಗಿಸುವ ಸೊಸೆ ಬೇಕೆನ್ನುವವರು ಲೆಕ್ಕ ಕೇಳುವುದು ಹೊಸದಲ್ಲ. ಅಜ್ಜಿ ತಲೆಯಾಡಿಸಿದಳು. ನರ್ಮದೆಗೋ ಸ್ವರ್ಗಕ್ಕೆ ಮೂರೇ ಗೇಣು. ದಡ್ಡಿಯನ್ನು ಯಾರಾದರೂ ಮನೆ ತುಂಬಿಸಿಕೊಳ್ಳುತ್ತಾರೆಯೇ?

"ಆರು ಮಂದಿ ಹತ್ತು ದಿವಸದಾಗ ಮಾಡೋ ಕೆಲಸಾ ಹದಿನೈದು ಮಂದಿ ಎಷ್ಟು ದಿವಸದಾಗ ಮಾಡತಾರ?"

ನಾಲ್ಕು ಎಂದಿತು ಮನಸ್ಸು. "ಐದು," ಎಂದಿತು ಬಾಯಿ.

"ಇಪ್ಪತ್ತಮೂರ ಹದಿನೇಳಲೆ ಗುಣಿಸಿದರ?"

"ಮುನ್ನೂರ ತೊಂಬತ್ತೆರಡು."

"ಸಾವಿರದ ಇನ್ನೂರ ಇಪ್ಪತ್ತೈದರ ವರ್ಗಮೂಲ?"

"ಮೂವತ್ತಾರು."

ರೆಪ್ಪೆ ಬಡಿಯುವಷ್ಟೂ ತಡವಿಲ್ಲ. ಪಾಪ, ಸುಳ್ಳು ಹೇಳಿ ರೂಢಿಯಿಲ್ಲದ ಹುಡುಗಿ. ಸರಿ ಉತ್ತರ ತೆಗೆದು ಅದಕ್ಕೊಂದು ಕೂಡಿಸುವುದೇ ಅವಳಿಗೆ ಹೊಳೆದ ಉಪಾಯ. ನಾಲ್ಕು ಎಂದವರು ಬಿಡದೆ ಹತ್ತು ಕೇಳಿದರು. ಮೊದಮೊದಲು ರಾಯರ ಹುಬ್ಬು ಗಂಟಿಕ್ಕಿತ್ತು. ಆರನೆಯದಕ್ಕೆ ಪೆನ್ಸಿಲ್ಲು ನಿಂತಿತು. ಹತ್ತನೆಯದಕ್ಕೆ ಅವರು ನಕ್ಕೇಬಿಟ್ಟರು.

"ಕೃಷ್ಣಾಜಿಯವರ, ಹತ್ತಕ್ಕ ಹತ್ತೂ ತಪ್ಪು! ಹನ್ನೊಂದು ಹುಡುಗ್ಯಾರನ್ನ ನೋಡಿ ಬಂದೇನಿ, ಇಂಥಾ ತಪ್ಪು ಎಲ್ಲೂ ಸಿಕ್ಕಿಲ್ಲ." ಅವರು ವಹಿ ಮುಚ್ಚಿದರು. "ನಮಗ ಈಕೀನ ಪಸಂದ."

ನರ್ಮದಾ ಖಾಲಿ ತಂಬಿಗೆ ಎತ್ತಿಕೊಂಡು ಒಳಗೆ ಓಡಿದಳು.

"ಕೊಡೋದು, ಬಿಡೋದು..." ಎಂದು ಅಜ್ಜಿ ರಾಗ ಎಳೆದಳು.

"ಏನೂ ಬ್ಯಾಡ್ರಿ. ಖರ್ಚೆಲ್ಲಾ ನಮ್ಮದ. ಮ್ಯಾಟ್ರಿಕ್ ಮುಗೀಲಿ, ಬರೋ ಜೂನಕ್ಕ ಕರಕೋತೇವಿ."

"ಜಾತಕಾ?"

"ನಾವು ಅದನ್ನ ನೋಡೂದಿಲ್ರಿ."

ಅಜ್ಜಿಗೆ ಕಣ್ಣಲ್ಲಿ ನೀರೇ ಬಂತು. ಏಳೇಳು ಜನ್ಮ ಪುಣ್ಯ ಮಾಡಿದರೂ ಇಂಥ ಬೀಗರು ಸಿಗಲಾರರು. "ನಾಳೆ ಗೃಹಶಾಸ್ತ್ರ ಅಂತ ಬರದು ಕೊಟ್ಟುಬಿಡೋ," ಎಂದು ಮಗನಿಗೆ ಕೂಗಿ ಹೇಳಿ, ಸಕ್ಕರೆ ಹಂಚಲು ಓಣಿಗೆ ಓಡಿದಳು.

ಕೃಷ್ಣಾಜಿ ರಾಯರನ್ನು ಬಸ್ಸಿಗೆ ಹತ್ತಿಸಿ ಬಂದಾಗ ಮಗಳು ಮೊಣಕಾಲಿಗೆ ಮುಖ ಹಚ್ಚಿ ಬಿಕ್ಕುತ್ತಿದ್ದಳು. ತಂದೆಯ ಮೇಲೆ ಎಂದೂ ಬಾರದ ಸಿಟ್ಟು ಬಂದಿತ್ತು.

"ಆ ಹುಡುಗ ರಾಜಾ ಇರಲಿ, ಮಹಾರಾಜಾ ಇರಲಿ, ನಾ ಒಲ್ಲೆ! ನಾ ಓದಬೇಕು. ನನ್ನ ಕಡೆ ಒಂದ ಮಾತಾದರೂ ಆಡಿದ್ಯಾ ಅಪ್ಪಾ?"

ಕೃಷ್ಣಾಜಿ ಕೋಟಿನ ಕಿಸೆಯಿಂದ ಫಾರ್ಮು ತೆಗೆದು ಅವಳ ಮುಂದೆ ಹಿಡಿದ. ಖಾಲಿಯಿದ್ದ ಜಾಗದಲ್ಲಿ ಅವನದೇ ದುಂಡನೆಯ ಅಕ್ಷರದಲ್ಲಿ 'ಗಣಿತ' ಎಂದಿತ್ತು.

"ಯಾವ ಹುಡುಗ, ನರ್ಮದಾ?" ಎಂದ ಅವನು ಬಾಗಿಲ ಕಡೆ ಒಂದು ಕಣ್ಣಿಟ್ಟು, ಮೆಲ್ಲಗೆ. "ಅವರು ಪುಣಾ ಕಾಲೇಜಿನ ಅರ್ಥಶಾಸ್ತ್ರದ ಪ್ರೊಫೆಸರು. ವರ್ಷಕ್ಕ ಒಬ್ಬಾಕಿಗೆ ಕೊಡೋ ಶಿಷ್ಯವೇತನಕ್ಕ ಪರೀಕ್ಷಾ ತಗೊಳ್ಳಲಿಕ್ಕೆ ಬಂದಾರಂತ ಹೇಳಿದ್ರ, ನಿಮ್ಮಜ್ಜಿ ಅವರನ್ನ ಹೊಸ್ತಿಲಾ ದಾಟಗೊಡತಿದ್ದಳೇನು?"