ಹೆಜ್ಜೆ ಕಾಣುತ್ತಾ?

ಬೆಳಗಿನಿಂದ ಯಾರೂ ಗೇಲೀನ್‌ಳ ಮುಖ ನೋಡುತ್ತಿರಲಿಲ್ಲ. ಅಡುಗೆಯವನು ಗಂಜಿಯ ಬಟ್ಟಲನ್ನು ಅವಳ ಮುಂದಿಟ್ಟು, ಒರೆಸಿದ ಮೇಜನ್ನೇ ಮತ್ತೆ ಒರೆಸತೊಡಗಿದ. ಊರಿಗೆ ಹೊರಟು ಚೀಲ ಕಟ್ಟಿಕೊಂಡು ಕೂತಿದ್ದವರು ಅವಳು ಒಳಗೆ ಬಂದ ಕೂಡಲೇ ಮಾತು ನುಂಗಿದರು.

ಕಾರಣ ಅವಳಿಗೆ ಗೊತ್ತಿತ್ತು. ಅಂಟಾರ್ಕ್ಟಿಕಾದ ಬೇಸಗೆ ಮುಗಿಯುತ್ತಿತ್ತು. ಕಡಲಾಚೆಯ ಹೋಬಾರ್ಟ್‌ನಿಂದ ಈ ಸಲ ಬರುವುದು ಕೊನೆಯ ವಿಮಾನ. ಅವಳ ಮಗ ರೋರಿಯನ್ನು ಅದರಲ್ಲಿ ಸ್ಟ್ರೆಚರ್ ಮೇಲೆ ಮಲಗಿಸಿ ಒಯ್ಯಬೇಕು. ಅದಕ್ಕೆಂದು ನಾಲ್ಕು ಸೀಟು ಕಿತ್ತಿದ್ದರು. ಅಂದರೆ ನಾಲ್ವರು ಚಳಿಗಾಲವಿಡೀ ಇಲ್ಲೇ ಬಿದ್ದಿರಬೇಕು. ಮುಖ ತಿರುಗಿಸದೆ ಇನ್ನೇನು ಮಾಡಿಯಾರು?

ರೋರಿ ಸಂಶೋಧನಾ ಕೇಂದ್ರದ ಬಡಗಿ. ಅವನನ್ನು ಇಲ್ಲಿಗೆ ಎಳೆದು ತಂದವಳು ಅವಳೇ. ಒಂದು ಬೇಸಗೆ ಬಂದು ನೋಡು, ಆಮೇಲೆ ಬೇಕಾದರೆ ನನ್ನನ್ನು ಬಯ್ಯು ಎಂದಿದ್ದಳು. ಮೊನ್ನೆ ಹಿಮ ನೂಕುವ ಟ್ರ್ಯಾಕ್ಟರ್ ಮಗುಚಿ ಅವನ ಹೊಟ್ಟೆಯ ಮೇಲೆ ಬಿತ್ತು. ಒಳಗೇ ರಕ್ತ ಸೋರುತ್ತಿದೆ ಎಂದಳು ಡಾಕ್ಟರ್ ಮಾರ್ಗೊ. ಇವತ್ತೇ ದೊಡ್ಡ ಆಸ್ಪತ್ರೆಗೆ ಹೊರಟರೆ ಜೀವ ಉಂಟು, ಇಲ್ಲವಾದರೆ ಇಲ್ಲ.

ಗಂಜಿ ಹಾಗೆಯೇ ಬಿಟ್ಟು ಗೇಲೀನ್ ಚಿಕಿತ್ಸೆಯ ಕೋಣೆಗೆ ಹೋದಳು. ಒಳಗೆ ಪರದೆ ಎಳೆದಿತ್ತು. ಬಾಗಿಲಿಗೆ ಅಡ್ಡವಾಗಿ ಕೇಂದ್ರದ ಮುಖ್ಯಸ್ಥ ಕ್ಲೈವ್ ನಿಂತಿದ್ದ.

"ಮಲಗಿದಾನೆ, ಗೇಲ್. ಈಗ ನೋವೇನೂ ಇಲ್ಲ ಅವನಿಗೆ."

"ಒಂದ್ಸಲ ಹಣೆ ಮುಟ್ಟಿ ಬರ್ತೀನಿ."

"ವಿಮಾನ ಆಗಲೇ ಹೊರಟಿದೆ. ನಿನ್ನ ಬಿಟ್ರೆ ಆಕಾಶ ನೋಡೋರು ಯಾರಿದಾರೆ ಇಲ್ಲಿ?"

ಅದು ನಿಜ. ಹವಾಮಾನ ನೋಡುವ ಇನ್ನೊಬ್ಬ ಹಿಂದಿನ ವಿಮಾನದಲ್ಲೇ ಮನೆ ಸೇರಿದ್ದ. ಮಲಗಿರಲಿ, ಒಯ್ಯುವಾಗ ಕೈ ಹಿಡಿದುಕೊಂಡರಾಯಿತು ಎಂದುಕೊಂಡು ಅವಳು ಕೋಟು ತೊಟ್ಟಳು.

ಗುಡ್ಡದಾಚೆಯ ರನ್‌ವೇಗೆ ಕ್ಲೈವ್ ತಾನೇ ಗಾಡಿ ಓಡಿಸಿಕೊಂಡು ಬಂದ. ಅವಳು ಇಳಿಯುವಾಗ ಚಹಾದ ಫ್ಲಾಸ್ಕನ್ನು ಕೈಗಿಟ್ಟು, "ಕಂಡದ್ದನ್ನ ಕಂಡ ಹಾಗೆ ಹೇಳು. ಮೋಡ ಬಂದ್ರೆ ವಾಪಸ್ ಕಳಿಸು. ನಾಳೆ ಬಂದ್ರೂ ಆಗುತ್ತೆ," ಎಂದ.

ನಾಳೆ ಬಂದರೂ ಆಗುತ್ತದಂತೆ. ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು. ಅಲ್ಲಿ ಮಲಗಿರುವುದು ಇವನ ಮಗನಲ್ಲವಲ್ಲ.

ಹಿಮದ ಮೇಲೆ ಇಳಿಯುವವನಿಗೆ ಗಾಳಿಗಿಂತಲೂ ಬೆಳಕಿನ ಭಯ ಹೆಚ್ಚು. ಮೋಡ ಮುಚ್ಚಿದರೆ ನೆಲವೂ ಆಕಾಶವೂ ಒಂದೇ ಬಿಳುಪು. ನೆಲ ಎಷ್ಟು ಕೆಳಗಿದೆಯೆಂದು ಯಾವ ಕಣ್ಣಿಗೂ ತಿಳಿಯದು. ಗೇಲೀನ್‌ಳ ಪರೀಕ್ಷೆ ಒಂದೇ: ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡುವುದು. ಹೆಜ್ಜೆಯ ಗುಳಿಯಲ್ಲಿ ನೆರಳು ಕಂಡರೆ ಇಳಿಯಬಹುದು. ಯಂತ್ರಗಳು ಏನೇ ಹೇಳಲಿ, ಪೈಲಟ್ ಡಂಕನ್ ಕೊನೆಗೆ ಕೇಳುತ್ತಿದ್ದುದು ಅದನ್ನೇ. ಕೇಳುವುದಕ್ಕೂ ಒಂದು ಗಡಿಯಿತ್ತು. ಅದನ್ನು ದಾಟಿ ಬಂದರೆ ಮರಳಲು ಇಂಧನ ಸಾಲದು. ಏನೇ ಆದರೂ ಇಲ್ಲೇ ಇಳಿಯಬೇಕು.

ಡಂಕನ್ ಆ ಗಡಿ ಮುಟ್ಟುವ ಹೊತ್ತಿಗೆ ಒಳನಾಡಿನ ಹಿಮದಿಬ್ಬದಿಂದ ಮೋಡ ಜಾರಿ ಬಂತು. ರನ್‌ವೇ ಅಂಚಿನ ಬಾವುಟಗಳು ಒಂದೊಂದಾಗಿ ಮಾಸಿದವು.

"ಗೇಲ್, ನಿನ್ನ ಹುಡುಗನಿಗೆ ರಕ್ತ ತರ್ತಿದೀನಿ," ರೇಡಿಯೋದಲ್ಲಿ ಅವನ ದನಿ ಹರಟೆಗೆ ಕೂತವನಂತಿತ್ತು. "ಸರ್ಜನ್ ಕೂಡ ಇದಾಳೆ. ಪಾಪ, ಹೊರಟಾಗಿಂದ ವಾಂತಿ. ಅವಳಿಗೇ ಒಬ್ಬ ಡಾಕ್ಟರ್ ಬೇಕು. ಹೇಳು, ಹೆಜ್ಜೆ ಕಾಣುತ್ತಾ?"

ಅವಳು ತಿರುಗಿ ನೋಡಿದಳು. ತಾನು ಇಲ್ಲಿಗೆ ನಡೆದೇ ಬಂದಿಲ್ಲವೇನೋ ಎಂಬಂತೆ ಬಿಳಿ. ವಿಮಾನದಲ್ಲಿ ಐವರಿದ್ದರು. ಅವನು ಬಂದು ಮುಟ್ಟುವಷ್ಟರಲ್ಲಿ ಮೋಡ ಸರಿಯಬಹುದು. ಎಷ್ಟೋ ಸಲ ಸರಿದಿದೆ. ನಿನ್ನೆ ರೋರಿ ಅವಳ ಬೆರಳು ಹಿಡಿದು, ಜ್ವರ ಬಂದ ಮಗುವಿನ ಹಾಗೆ, ಮನೆಗೆ ಯಾವಾಗ ಹೋಗೋದು ಎಂದು ಕೇಳಿದ್ದ.

"ಕಾಣುತ್ತೆ," ಎಂದಳು.

"ನೆರಳು?"

"ಚೆನ್ನಾಗಿದೆ. ಬಾ."

"ನೀನು ಹೇಳಿದ ಮೇಲೆ ಮುಗೀತು. ಬಂದೆ."

ಮೋಡ ಸರಿಯಲಿಲ್ಲ. ವಿಮಾನ ಇಳಿಯುವ ಹೊತ್ತಿಗೆ, ಎಂದಿನಂತೆ ಬೆಂಕಿ ಆರಿಸುವವರನ್ನು ಕರೆದುಕೊಂಡು ಕ್ಲೈವ್ ಮತ್ತೆ ಗುಡ್ಡ ದಾಟಿ ಬಂದಾಗ ಆ ಬಿಳುಪಿನಲ್ಲಿ ಅವಳನ್ನು ಹುಡುಕುವುದೇ ಕಷ್ಟವಾಯಿತು. ಯಾವಾಗ ಮುಚ್ಚಿತು ಎಂದು ಕೇಳಿದ. ಈಗಷ್ಟೇ ಎಂದಳು. ನಂಬಿದ. ಅವಳ ಬಾಯಲ್ಲಿ ಸುಳ್ಳು ಬಂದದ್ದನ್ನು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ.

ಎಂಜಿನ್ ಸದ್ದು ತಲೆಯ ಮೇಲೆ ಸುತ್ತು ಹಾಕಿತು. ಮತ್ತೊಂದು ಸುತ್ತು. ಡಂಕನ್‌ನ ದನಿಯಲ್ಲೀಗ ಹರಟೆಯಿರಲಿಲ್ಲ. "ನೆಲ ಎಲ್ಲಿದೆ, ಗೇಲ್? ನಂಗೆ ನೆಲ ಸಿಗ್ತಿಲ್ಲ."

ಸದ್ದು ಇಳಿಯಿತು, ಇನ್ನೂ ಇಳಿಯಿತು. ಬಿಳುಪಿನ ಆಳದಲ್ಲೆಲ್ಲೋ ತಗಡು ಹರಿದಂತಾಗಿ, ಅಲ್ಲೊಂದು ಕಿತ್ತಳೆ ಬೆಳಕು ಅರಳಿತು. ನೆಲ ಯಾವುದು, ಆಕಾಶ ಯಾವುದು ಎಂದು ಅದರಿಂದ ಎಲ್ಲರಿಗೂ ತಿಳಿಯಿತು.

ಉಳಿದವರು ಓಡಿದರು. ಗೇಲೀನ್ ಕ್ಲೈವ್‌ನ ತೋಳು ಹಿಡಿದುಕೊಂಡಳು.

"ಹೆಜ್ಜೆ ಕಾಣ್ತಿರಲಿಲ್ಲ, ಕ್ಲೈವ್. ಅವನು ಕೇಳಿದಾಗಲೂ ಕಾಣ್ತಿರಲಿಲ್ಲ. ರೋರಿಗೆ ಮಾತ್ರ ಹೇಳ್ಬೇಡ. ತನಗೋಸ್ಕರ ಅಮ್ಮ ಹೀಗೆ ಮಾಡಿದ್ಲು ಅಂತ ತಿಳಿದ್ರೆ ಅವನು ಉಳಿಯಲ್ಲ."

ಕ್ಲೈವ್ ಬೆಂಕಿಯಿಂದ ಕಣ್ಣು ಕಿತ್ತು ಅವಳ ಮುಖ ನೋಡಿದ.

"ಬೆಳಗಿನ ಜಾವ, ವಿಮಾನ ಹೊರಟ ಸ್ವಲ್ಪ ಹೊತ್ತಿಗೇ ರೋರಿ ಹೋಗ್ಬಿಟ್ಟ, ಗೇಲ್," ಎಂದ. "ಹೇಳಿದ್ರೆ ನಿನ್ನ ಕಣ್ಣು ತುಂಬಿ ಆಕಾಶ ಕಾಣಲ್ಲ ಅಂತ ಎಲ್ಲರೂ ಸುಮ್ನಿದ್ವಿ."