ಗಿಳಿ ಗಾಡಿ

ಪೇಂಟಿನ ವಾಸನೆ ಬಂದರೆ ಇಂದಿಗೂ ಗಜೇಂದ್ರಗಡದ ಆ ಮಧ್ಯಾಹ್ನ ನೆನಪಾಗುತ್ತದೆ.

ಗಾಡಿ ಮಾಲೀಕರು ಹೇಳಿದರೆಂದು ಪೇಂಟರ್ ಆಗಿದ್ದ ನನ್ನ ಅಬ್ಬಾ, ಇಟಗಿಗೆ ಹೋಗುವ ಟೆಂಪೋದ ಮೇಲಿದ್ದ ಹಳೆಯ ಹಸಿರು ಗಿಳಿಯನ್ನು ಅಳಿಸಿ, ಊರಿನ ಹೆಸರನ್ನು ದೊಡ್ಡ ಕೆಂಪು ಅಕ್ಷರಗಳಲ್ಲಿ ಬರೆದಿದ್ದರು. ಓದು ಬಾರದ ಮುದುಕಿಯೊಬ್ಬಳು ಬುತ್ತಿಗಂಟು ಹಿಡಿದು ಅದರ ಪಕ್ಕದಲ್ಲೇ ನಿಂತಿದ್ದಳು.

“ಗಿಳಿ ಗಾಡಿ ಇವತ್ತ ಬರೂದಿಲ್ಲೇನಪಾ?”

“ಇದ ಆ ಗಾಡಿ ಬೇ, ಹತ್ತು,” ಎಂದು ಡ್ರೈವರ್ ಹಾರ್ನ್ ಹೊಡೆದ.

“ಹಿಂಗ ಅಂದು ಒಮ್ಮೆ ನನ್ನ ಇಟಗಿ ಬಿಟ್ಟು ರೋಣಕ್ಕ ಒಯ್ದಿದ್ರು,” ಎಂದು ಆಕೆ ಕದಲಲಿಲ್ಲ.

ಅಬ್ಬಾ ಬ್ರಷ್ ಅದ್ದಿ, ಅಕ್ಷರಗಳ ಕೆಳಗೆ ಮತ್ತೆ ಗಿಳಿ ಬರೆಯತೊಡಗಿದರು. ಕೆಂಪು ಕೊಕ್ಕು ಮೂಡುತ್ತಲೇ ಮುದುಕಿ ಹಸಿ ಬಣ್ಣಕ್ಕೆ ಸೆರಗು ತಾಕದಂತೆ ಹತ್ತಿ ಕೂತಳು. ಗಾಡಿ ಹೊರಟೇಬಿಟ್ಟಿತು.

“ತಡೀರಿ, ಗಿಳಿಗೆ ಕಣ್ಣ ಬರದಿಲ್ಲ,” ಅಬ್ಬಾ ಕೂಗಿದರು.

ಮುದುಕಿ ಕಿಟಕಿಯಿಂದ ಇಣುಕಿದಳು. “ಇರ್ಲಿ ಬಿಡಪಾ, ದಾರಿ ನೋಡಾಕ ನಾ ಅದೀನಿ.”