ಎಲ್ಲರೂ ಉಂಡ ಮೇಲೆ

"ಎಲ್ರೂ ಉಂಡ್ರಾ ಮಾಯಮ್ಮ?"

ಫೋನಿನಲ್ಲಿ ದಿಂಬಿಗೊರಗಿ ಕುಳಿತಿದ್ದ ಆ ಬಿಳಿ ಮುಖ ಕೇಳಿದ್ದು ಅಷ್ಟೇ. ಕಿರಂಗೂರಿನ ಮನೆಯ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ ಮಾಯಮ್ಮ ಮುಂದಕ್ಕೆ ಬಾಗಿದಳು. ಎಷ್ಟೋ ವರ್ಷದ ಮೇಲೆ ಕೇಳಿದ ದನಿ. ಸೊರಗಿ ಕಡ್ಡಿಯಾಗಿದ್ದರೂ ಆಗ್ನೇಸಮ್ಮ ಆಗ್ನೇಸಮ್ಮನೇ. ಬೀದಿಯ ಗದ್ದಲ ಒಳಗೆ ಬಾರದಿರಲೆಂದು ಸೊಸೆ ಹೇಮಶ್ರೀ ತಲೆಬಾಗಿಲು ಮುಚ್ಚಿ ಬಂದು, ಅತ್ತೆಯ ಮುಖಕ್ಕೆ ನೇರವಾಗಿ ಫೋನು ಹಿಡಿದಳು.

ಆಗ್ನೇಸಮ್ಮ ಇಟಲಿಯಿಂದ ಬಂದ ಸಿಸ್ಟರು. ಪಾಂಡವಪುರದ ದಾರಿಯಲ್ಲಿ ಒಂದು ಹೆಂಚಿನ ಆಸ್ಪತ್ರೆ ಇಟ್ಟುಕೊಂಡು, ಮೈಗೆ ವಯಸ್ಸಾಗುವ ತನಕ ಸುತ್ತಲ ಹಳ್ಳಿಗಳ ಹೆರಿಗೆ ಮಾಡಿಸಿದವಳು. ಅಲ್ಲಿ ಅಡಿಗೆ ಮಾಯಮ್ಮನದು. "ನಿಮ್ಮನ್ನೆಲ್ಲ ಅವರ ಮತಕ್ಕೆ ಸೇರಿಸ್ಕಂಡ್ಬುಡ್ತಾಳೆ, ಉಸಾರು" ಎಂದು ಊರೆಲ್ಲ ಹೆದರಿಸಿದ ಚೌಡಯ್ಯನೇ, ತನ್ನ ಸೊಸೆಗೆ ಹೆರಿಗೆ ನೋವು ಬಂದ ದಿನ ಮೊದಲು ಗಾಡಿ ಕಟ್ಟಿದ್ದು ಆ ಬಾಗಿಲಿಗೆ. ಕೊನೆಗೆ ಬದಲಾದವಳು ಸಿಸ್ಟರಮ್ಮ ಒಬ್ಬಳೇ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿತಳು.

ಜಗಲಿಯ ಮೇಲೆ ಕಾದು ಕುಳಿತ ಬಾಣಂತಿಯರ ಕಡೆಯವರೆಲ್ಲ ಉಂಡ ಹೊರತು ಅವಳು ತಟ್ಟೆ ಮುಟ್ಟುತ್ತಿರಲಿಲ್ಲ. ಮಾಯಮ್ಮ ಸೆರಗಿಗೆ ಕೈಯೊರಸಿಕೊಳ್ಳುತ್ತ ಬಂದು "ಎಲ್ರೂ ಉಂಡ್ರು ಕಣವ್ವ" ಅನ್ನಬೇಕು. ಆಮೇಲೆ ಇಬ್ಬರೂ ಎದುರುಬದುರು ಕೂತು ಉಣ್ಣಬೇಕು. ಎಂಥಾ ದಿನಗಳು ಅವು!

"ನಾನು ಲವೀನಾ, ಹೋದ ತಿಂಗಳು ಫೋನ್ ಮಾಡಿದ್ದೆನಲ್ಲ" ಎಂದು ಪಕ್ಕದಿಂದ ಇನ್ನೊಂದು ಮುಖ ಇಣುಕಿತು. ಮಂಗಳೂರಿನ ಹುಡುಗಿ, ಈಗ ಆಗ್ನೇಸಮ್ಮ ವಾಪಸು ಹೋಗಿ ಸೇರಿದ ಇಟಲಿಯ ಕಾನ್ವೆಂಟಿನಲ್ಲಿ ಮುದಿ ಸಿಸ್ಟರುಗಳನ್ನು ನೋಡಿಕೊಳ್ಳುವವಳು. "ಮೂರು ದಿನ ಆಯ್ತು ಮಾಯಮ್ಮ, ಒಂದು ಚಮಚ ಸೂಪು ಸಹ ಬಾಯಿಗೆ ಇಡ್ಲಿಲ್ಲ. ಎಲ್ಲರೂ ಉಂಡ್ರಾ ಅಂತ ಕೇಳ್ತಾರೆ. ಉಂಡಾಯ್ತು ಅಂದ್ರೆ ನಂಬೂದಿಲ್ಲ. ಮಾಯಮ್ಮ ಬಂದು ಹೇಳ್ಲಿ ಅಂತಾರೆ. ಇವತ್ತೂ ತಿನ್ನದಿದ್ರೆ ಮೂಗಿಗೆ ನಳಿಗೆ ಹಾಕ್ತೇವೆ ಅಂತ ಡಾಕ್ಟ್ರು ಹೇಳಿದ್ದಾರೆ."

ಮಾಯಮ್ಮ ಕಣ್ಣೊರಸಿಕೊಂಡು ನೆಟ್ಟಗೆ ಕುಳಿತಳು. "ಎಲ್ರೂ ಉಂಡ್ರು ಕಣವ್ವ. ಪಾರ್ವತಮ್ಮನ ಕಡೆಯೋರು ಉಂಡ್ರು, ನಾಗಮಂಗಲದಿಂದ ಬಂದಿದ್ರಲ್ಲ ಅವ್ರೂ ಉಂಡ್ರು. ಜಗಲಿ ಮ್ಯಾಲೆ ಯಾರೂ ಇಲ್ಲ. ಇನ್ನು ನೀನು ಉಣ್ಣು."

ಆಗ್ನೇಸಮ್ಮನ ಮುಖ ಹಗುರಾಯಿತು. ಕೈ ಚಮಚದ ಕಡೆ ಹೋಯಿತು. ಅರ್ಧದಲ್ಲೇ ನಿಂತಿತು.

"ನೀನು?"

"ನಂದೂ ಆಯ್ತು ಕಣವ್ವ."

"ಸುಳ್ಳಿ" ಅಂದಳು ಆಗ್ನೇಸಮ್ಮ, ಚಮಚ ಕೆಳಗಿಟ್ಟು. "ನಿನ್ನ ಬಾಯಿ ಒಣಗೈತೆ. ನೀನು ಉಣ್ಣು, ಆಮ್ಯಾಕೆ ನಾನು."

ಆವತ್ತು ಶ್ರಾವಣದ ಕೊನೆಯ ಶನಿವಾರ. ಸಿಸ್ಟರಮ್ಮನಿಗೆ ಊಟ ಸೇರುತ್ತಿಲ್ಲ ಎಂದು ಲವೀನಾ ಹೋದ ತಿಂಗಳು ಹೇಳಿದಾಗಲೇ ಮಾಯಮ್ಮ ಪಟ್ಟಣದ ರಂಗನಾಥನಿಗೆ ಹರಕೆ ಹೊತ್ತಿದ್ದಳು. ಆವಮ್ಮ ಹೊಟ್ಟೆತುಂಬ ಉಣ್ಣುವಂತಾಗಲಿ, ಶ್ರಾವಣದ ಅಷ್ಟೂ ಶನಿವಾರ ಸಂಜೆ ದೀಪ ಹಚ್ಚುವ ತನಕ ಒಂದಗುಳು ಮುಟ್ಟುವುದಿಲ್ಲ ಎಂದು. ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು ಎಂದು ಮನೆಯವರೆಲ್ಲ ಬೈದರೂ ಕೇಳಿರಲಿಲ್ಲ. ಈಗ ಅಲ್ಲಿ ಅವಳು ಇವಳಿಗಾಗಿ ಬಾಯಿ ಕಟ್ಟಿ ಕುಳಿತಿದ್ದಾಳೆ, ಇಲ್ಲಿ ಇವಳು ಅವಳಿಗಾಗಿ. ಗೋಡೆಯ ಮೇಲೆ ಪಟದಲ್ಲಿ ರಂಗನಾಥ ಆರಾಮಾಗಿ ಮಲಗಿದ್ದ.

"ಹೇಮ, ಮುದ್ದೆ ಇಕ್ಕಂಡು ಬಾ."

"ಅತ್ತೆ, ಹರಕೆ" ಎಂದು ಹೇಮಶ್ರೀ ಪಿಸುಗುಟ್ಟಿದಳು. "ಇದೊಂದೇ ವಾರ ಉಳ್ದಿರದು. ಸಂಜೆಗಂಟ ತಡ್ಕಳಿ. ಆಮೇಲೆ ನಾವೇ ಫೋನ್ ಮಾಡಿದ್ರಾಯ್ತು."

"ಸಂಜೆಗಂಟ ಆವಮ್ಮ ತಡ್ಕಬೇಕಲ್ಲವ್ವ. ಇಕ್ಕಂಡು ಬಾ ಅಂದೆ."

ಬಿಸಿ ಮುದ್ದೆ, ಬಸ್ಸಾರು ಬಂದವು. ಮಾಯಮ್ಮ ಪಟದ ಕಡೆ ನೋಡಲಿಲ್ಲ. ತುತ್ತು ಮುರಿದು, ಸಾರಿಗೆ ಅದ್ದಿ, ಫೋನಿನ ಮುಂದೆ ಹಿಡಿದು ತೋರಿಸಿ ನುಂಗಿದಳು. ಆಗ್ನೇಸಮ್ಮ ಆ ತುತ್ತು ಗಂಟಲಿಳಿಯುವ ತನಕ ಕಣ್ಣು ಕೀಳದೆ ನೋಡಿದಳು. ಆಮೇಲೆ ಹಣೆ, ಎದೆ, ಭುಜ ಮುಟ್ಟಿಕೊಂಡು ಬಾಯಿ ತೆರೆದಳು. ಲವೀನಾ ಒಂದು ಕೈಯಲ್ಲಿ ಸೂಪು ಕುಡಿಸುತ್ತ ಇನ್ನೊಂದರಲ್ಲಿ ತನ್ನ ಕಣ್ಣೊರಸಿಕೊಂಡಳು. ಇಲ್ಲೊಂದು ತುತ್ತು, ಅಲ್ಲೊಂದು ಚಮಚ. ಹಿಂದಿನ ಹಾಗೇ ಇಬ್ಬರೂ ಎದುರುಬದುರು ಕೂತು ಉಂಡರು.

ಬಟ್ಟಲು ಬರಿದಾದ ಮೇಲೆ ಆಗ್ನೇಸಮ್ಮನ ರೆಪ್ಪೆಗಳು ಭಾರವಾದವು. "ಬಾಗ್ಲು ಆಕ್ಬ್ಯಾಡ ಮಾಯಮ್ಮ" ಅಂದಳು ಜೋಂಪಿನಲ್ಲೇ. "ಯಾರಾರ ಬಂದಾರು."

"ಆಕಾಕಿಲ್ಲ ಕಣವ್ವ, ನೀನು ಮನೀಕೊ."

ಫೋನು ಕತ್ತಲಾಯಿತು. ಆ ಆಸ್ಪತ್ರೆಯ ಬಾಗಿಲು ಹಾಕಿ ಎಷ್ಟೋ ವರ್ಷವಾಗಿ, ಹೆಂಚೂ ಉಳಿದಿರಲಿಲ್ಲ.

"ಹರಕೆ ಮುರ್ದೋಯ್ತಲ್ಲ ಅತ್ತೆ" ಎಂದಳು ಹೇಮಶ್ರೀ ಮೆಲ್ಲಗೆ.

"ನಾನು ಬೇಡ್ಕಂಡಿದ್ದೇನು? ಆವಮ್ಮ ಉಣ್ಣಂಗಾಗ್ಲಿ ಅಂತ. ಉಂಡ್ಲಲ್ಲ. ರಂಗಪ್ಪನ ಕೂಟೆ ನಾನು ಮಾತಾಡ್ಕತೀನಿ ಬುಡು."

ಸೊಸೆ ತಟ್ಟೆ ಎತ್ತಲು ಬಗ್ಗಿದಳು. ಮಾಯಮ್ಮ ಉಳಿದ ಅರ್ಧ ಮುದ್ದೆಗೆ ಅಡ್ಡ ಕೈ ಹಿಡಿದು, ಮುಚ್ಚಿದ್ದ ತಲೆಬಾಗಿಲ ಕಡೆ ನೋಡಿದಳು.

"ಮೊದ್ಲು ಆ ಬಾಗ್ಲು ತೆಗಿಯವ್ವ. ಯಾರಾರ ಬಂದಾರು."